ಆರು ಸಿಲಿಂಡರಿಗೆ ಗಾಳಿಯ ಒತ್ತಾಸೆ

ಒಂದೇ ಬ್ಲಾಕು, ಒಂದೇ ಅಳತೆಯ ಸಿಲಿಂಡರು, ಒಂದೇ ಕಂಪನಿ. ಆದರೂ ಒಂದು ಎಂಜಿನ್ನು 205 ಅಶ್ವಶಕ್ತಿ ಕೊಡುತ್ತದೆ, ಇನ್ನೊಂದು 240. ಅಮೆರಿಕದ ಜನರಲ್ ಮೋಟರ್ಸ್ ತಯಾರಿಸಿದ ಬ್ಯೂಕ್ 3800 ಎಂಬ ವಿ6 ಎಂಜಿನ್ನಿನ ಎರಡನೇ ಸರಣಿಯಲ್ಲಿ ಈ ಎರಡು ರೂಪಗಳಿದ್ದವು. 1995ರಲ್ಲಿ ಬಂದದ್ದು ಎಲ್36. ಅದು ಗಾಳಿಯನ್ನು ತಾನೇ ಎಳೆದುಕೊಳ್ಳುವ ಸಾದಾ ಎಂಜಿನ್ನು. ಮರುವರ್ಷ ಬಂದ ಎಲ್67ರ ನೆತ್ತಿಯ ಮೇಲೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಈಟನ್ ಕಂಪನಿಯ ಎಂ90 ಸೂಪರ್‌ಚಾರ್ಜರ್ ಕೂತಿತ್ತು. ಪಾಂಟಿಯಾಕ್ ಗ್ರಾಂಡ್ ಪ್ರೀ ಜಿಟಿಪಿ, ಬಾನೆವಿಲ್ ಎಸ್‌ಎಸ್‌ಇಐ, ಬ್ಯೂಕ್ ರೀಗಲ್ ಜಿಎಸ್, ಪಾರ್ಕ್ ಅವೆನ್ಯೂ ಅಲ್ಟ್ರಾ ಕಾರುಗಳಲ್ಲಿ ಇದು ಓಡಾಡಿತು. ಆಸ್ಟ್ರೇಲಿಯಾದ ಹೋಲ್ಡನ್ ಕಮೊಡೋರ್ ಕಾರಿಗೂ 1996ರಲ್ಲಿ ಇದೇ ಎಂಜಿನ್ನು ಸೇರಿತು. ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ 2008ರಲ್ಲಿ 3800ರ ತಯಾರಿಕೆ ನಿಂತಿತು. ಆ ಕಾರುಗಳು ಒಂದೊಂದಾಗಿ ಗುಜರಿ ಸೇರಿದಂತೆ ಹವ್ಯಾಸಿಗಳ ಕೈಗೆ ಅಗ್ಗದ ದರದಲ್ಲಿ ಕಾರ್ಖಾನೆಯ ಸೂಪರ್‌ಚಾರ್ಜರುಗಳೇ ಸಿಗತೊಡಗಿದವು. ನಾವೇ ಸ್ಪ್ಯಾನರು ಹಿಡಿದು ಹೋಗಿ, ಬೇಕಾದ್ದನ್ನು ಬಿಚ್ಚಿಕೊಂಡು, ಬಾಗಿಲಲ್ಲಿ ದುಡ್ಡು ಕೊಟ್ಟು ಬರುವಂಥ ಗುಜರಿಗಳು ಅಮೆರಿಕದಲ್ಲಿ ಹೇರಳ.

ಸಾದಾ ಎಂಜಿನ್ನಿಗೆ ಸೂಪರ್‌ಚಾರ್ಜರ್ ಆರಿಸುವುದು ಹೇಗೆ, ಕೂರಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಜೋಡಿಯನ್ನೇ. ಎಲ್36 ಎಲ್67 ಆಗಬೇಕಾದರೆ ಕಂಪನಿಯ ಎಂಜಿನಿಯರುಗಳು ಏನೇನು ಬದಲಿಸಿದರು ಎಂದು ನೋಡಿದರೆ ಈ ವಿದ್ಯೆಯ ಅರ್ಧ ಪಾಠ ಮುಗಿಯುತ್ತದೆ. ಎರಡೂ 3,791 ಸಿಸಿ. ಎರಡರದೂ ಎರಕದ ಕಬ್ಬಿಣದ ಬ್ಲಾಕು, ಕಬ್ಬಿಣದ್ದೇ ಹೆಡ್ಡು, ಪುಶ್‌ರಾಡ್, ಒಟ್ಟು 12 ವಾಲ್ವು. ಆದರೆ ಎಲ್36ರಲ್ಲಿ 9.4:1 ಇದ್ದ ಕಂಪ್ರೆಶನ್ ರೇಶಿಯೊವನ್ನು ಎಲ್67ರಲ್ಲಿ 8.5:1ಕ್ಕೆ ಇಳಿಸಿದರು. ಇಂಜೆಕ್ಟರುಗಳು ದೊಡ್ಡವಾದವು. ಮೇಲಿದ್ದ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಹೋಯಿತು. ಸೂಪರ್‌ಚಾರ್ಜರಿಗೆಂದೇ ಬೇರೆ ಬೆಲ್ಟು, ಅದಕ್ಕೊಂದು ಟೆನ್ಶನರ್ ಬಂತು. ಗೇರ್‌ಬಾಕ್ಸಿನ ಹೆಸರಿಗೆ ಎಚ್‌ಡಿ ಎಂಬ ಎರಡಕ್ಷರ ಸೇರಿ ಒಳಗಿನ ಭಾಗಗಳು ಗಟ್ಟಿಯಾದವು. ಸಾದಾ ಪೆಟ್ರೋಲ್ ಬೇಡ, ಹೆಚ್ಚು ಆಕ್ಟೇನಿನ ಪ್ರೀಮಿಯಂ ಹಾಕಿ ಎಂದು ಕೈಪಿಡಿ ಹೇಳಿತು. ಗಾಳಿ ತುಂಬುವ ಯಂತ್ರ ಬಂದದ್ದು ಒಂದೇ. ಅದರ ಸಲುವಾಗಿ ಪೆಟ್ರೋಲ್ ಟ್ಯಾಂಕಿನಿಂದ ಗೇರ್‌ಬಾಕ್ಸಿನವರೆಗೆ ಎಲ್ಲದರ ಲೆಕ್ಕ ಬದಲಾಯಿತು.

ಹವ್ಯಾಸಿಗಳಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಸೂಪರ್‌ಚಾರ್ಜರ್ ಕೊಳ್ಳುತ್ತಾರೆ, ಆಮೇಲೆ ಎಂಜಿನ್ನು ಅದನ್ನು ತಾಳುತ್ತದೆಯೇ ಎಂದು ಯೋಚಿಸುತ್ತಾರೆ. ಎಷ್ಟು ಪಿಎಸ್‌ಐ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚಿನ ಒತ್ತಡ, ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು, ಆ ಗಾಳಿಯ ಜೊತೆಗೆ ಬರುವ ಬಿಸಿಯನ್ನು ಎಲ್ಲಿ ಕಳೆಯುತ್ತೀರಿ ಎಂಬುದು.

ಮುಳ್ಳು ಏರಿದರೆ ಬಲ ಏರಿತೇ?

ಲೆಕ್ಕ ಸರಳವಾಗಿದೆ, ಒಂದು ಹಾಳೆ ಕಾಗದದ ಮೇಲೆ ಮುಗಿಯುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿ ಎಳೆಯುತ್ತದೆ. ಹಾಗಾಗಿ 3.8 ಲೀಟರಿನ ಎಂಜಿನ್ನಿಗೆ ಸುತ್ತೊಂದಕ್ಕೆ ಬೇಕಾದದ್ದು 1.9 ಲೀಟರ್. ಎಂ90 ಎಂಬ ಹೆಸರಿನಲ್ಲಿರುವ 90, ಅದು ತನ್ನ ಒಂದು ಸುತ್ತಿಗೆ ಸಾಗಿಸುವ ಗಾಳಿಯ ಅಳತೆ: 90 ಘನ ಇಂಚು, ಅಂದರೆ 1.475 ಲೀಟರ್. ಎಂಜಿನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಸೂಪರ್‌ಚಾರ್ಜರ್ ಎರಡು ಸುತ್ತು ಹಾಕುತ್ತದೆ ಎಂದಿಟ್ಟುಕೊಳ್ಳೋಣ. ಆಗ 2.95 ಲೀಟರ್ ಗಾಳಿ ಒಳಗೆ ಬರುತ್ತದೆ. ಹಿಡಿಸುವುದು 1.9, ಬರುತ್ತಿರುವುದು 2.95. ಕಾಗದದ ಮೇಲೆ ಶೇ 55ರಷ್ಟು ಹೆಚ್ಚು ಗಾಳಿ.

ಕಾಗದದ ಮೇಲೆ ಮಾತ್ರ. ಸೂಪರ್‌ಚಾರ್ಜರಿನ ಎರಡು ರೋಟರುಗಳು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಕೂದಲೆಳೆಯ ಸಂದು ಬಿಟ್ಟಿರುತ್ತಾರೆ. ಆ ಸಂದಿಯಲ್ಲಿ ಒಂದಿಷ್ಟು ಗಾಳಿ ಹಿಂದಕ್ಕೆ ನುಸುಳುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಬಿಸಿ. ಸೈಕಲ್ ಪಂಪಿನಲ್ಲಿ ಟ್ಯೂಬಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಲಾಗದಷ್ಟು ಸುಡುವುದು ಎಲ್ಲರಿಗೂ ಗೊತ್ತು. ಇಲ್ಲಿ ಆಗುವುದೂ ಅದೇ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು, ಗೇಜು 8 ಪಿಎಸ್‌ಐ ತೋರಿಸುತ್ತಿದ್ದು, ಸೂಪರ್‌ಚಾರ್ಜರಿನ ದಕ್ಷತೆ ಶೇ 55 ಎಂದು ಹಿಡಿದರೆ, ಆಚೆಯಿಂದ ಹೊರಬೀಳುವ ಗಾಳಿ 100 ಡಿಗ್ರಿ ದಾಟಿರುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಅದೇ ಜಾಗದಲ್ಲಿ ಅದರ ತೂಕ ಕಡಿಮೆ. ಲೆಕ್ಕ ಹಾಕಿದರೆ ಸಿಲಿಂಡರಿಗೆ ನಿಜವಾಗಿ ಹೆಚ್ಚು ಸಿಗುವ ಗಾಳಿಯ ತೂಕ ಶೇ 25ರ ಹತ್ತಿರ. ಪೆಟ್ರೋಲ್ ಉರಿಯುವುದು ಗಾಳಿಯ ತೂಕದ ಲೆಕ್ಕದಲ್ಲಿ. ಗೇಜಿನ ಮುಳ್ಳು ತೂಕ ಅಳೆಯುವುದಿಲ್ಲ, ಒತ್ತಡ ಅಳೆಯುತ್ತದೆ. ಗಾಳಿ ಹೆಚ್ಚಾದರೂ ಮುಳ್ಳು ಏರುತ್ತದೆ, ಬಿಸಿ ಹೆಚ್ಚಾದರೂ ಏರುತ್ತದೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಸೂಪರ್‌ಚಾರ್ಜರ್ ಕೊಳ್ಳುವವರ ಅರ್ಧ ದುಡ್ಡು ಉಳಿಯುತ್ತದೆ.

ಈಗ ಪುಲ್ಲಿಯ ವಿಚಾರಕ್ಕೆ ಬರೋಣ. ಎಲ್67ರ ಸೂಪರ್‌ಚಾರ್ಜರಿನ ಮೂತಿಗೆ ಕಾರ್ಖಾನೆ ಕೂರಿಸಿದ ಪುಲ್ಲಿ 3.8 ಇಂಚಿನದು. ಅದನ್ನು ಎಳೆದು ತೆಗೆದು 3.4 ಇಂಚಿನದನ್ನು ಕೂರಿಸಿದರೆ ರೋಟರುಗಳು ಶೇ 12ರಷ್ಟು ಜೋರಾಗಿ ತಿರುಗುತ್ತವೆ. ಅಗ್ಗದ ಉಪಾಯ, ಒಂದು ಸಂಜೆಯ ಕೆಲಸ. ಗೇಜು 11ರ ಹತ್ತಿರ ಹೋಗುತ್ತದೆ, ನೋಡಿದವರ ಮುಖ ಅರಳುತ್ತದೆ. ಅದೇ ದಕ್ಷತೆ ಹಿಡಿದು ಲೆಕ್ಕ ಹಾಕಿದರೂ ಗಾಳಿಯ ಬಿಸಿ 125 ಡಿಗ್ರಿಗೆ ಮುಟ್ಟಿರುತ್ತದೆ. ವೇಗ ಏರಿದಂತೆ ಈ ಜಾತಿಯ ಯಂತ್ರದ ದಕ್ಷತೆ ಇನ್ನೂ ಕುಸಿಯುವುದರಿಂದ ನಿಜಸ್ಥಿತಿ ಇದಕ್ಕಿಂತ ಕೆಟ್ಟದ್ದೇ ಹೊರತು ಒಳ್ಳೆಯದಲ್ಲ. ಸಿಲಿಂಡರಿಗೆ ಸೇರುವ ಹೆಚ್ಚುವರಿ ಗಾಳಿ ಶೇ 25 ಇದ್ದದ್ದು 33 ಆಗುತ್ತದೆ. ವೇಗ ಶೇ 12ರಷ್ಟು ಏರಿಸಿ ಪಡೆದ ಗಾಳಿ ಶೇ 6ರಷ್ಟು! ಜೊತೆಗೆ ಬಂದದ್ದು 20 ಡಿಗ್ರಿಗೂ ಮಿಕ್ಕಿದ ಬಿಸಿ.

ಬಿಸಿಯಿಂದ ಆಗುವ ಕೇಡು ಬರೀ ಗಾಳಿ ತೆಳುವಾಗುವುದಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಪ್ಲಗ್ಗಿನ ಕಿಡಿ ಹಚ್ಚಿದ ಬೆಂಕಿಯಲ್ಲಿ ಸಮನಾಗಿ ಉರಿಯುತ್ತ ಹೋಗಬೇಕು. ಆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾನಾಗಿ ಸಿಡಿದರೆ ಅದೇ ನಾಕಿಂಗ್. ನಮ್ಮ ಮೆಕ್ಯಾನಿಕ್ಕುಗಳು ಎಂಜಿನ್ನು ಕುಟ್ಟುತ್ತಿದೆ ಎನ್ನುವುದು ಇದಕ್ಕೇ. ಸಾದಾ ಎಂಜಿನ್ನಿನಲ್ಲಿ ಸ್ವಲ್ಪ ಕುಟ್ಟಿದರೆ ಸದ್ದು ಕೇಳಿ ಎಚ್ಚೆತ್ತುಕೊಳ್ಳಬಹುದು. ಒತ್ತಿ ತುಂಬಿದ ಗಾಳಿಯಲ್ಲಿ ಕುಟ್ಟಿದರೆ ಪಿಸ್ಟನ್ನಿನ ರಿಂಗುಗಳ ನಡುವಿನ ದಂಡೆ ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಎಂಜಿನಿಯರುಗಳು ಕಂಪ್ರೆಶನ್ನನ್ನು 9.4ರಿಂದ 8.5ಕ್ಕೆ ಇಳಿಸಿದ್ದು ಈ ಭಯಕ್ಕೇ.

ಅದೇ ಎಂ90ಯನ್ನು ಇನ್ನೊಂದು ಕಂಪನಿ ಬಳಸಿದ ರೀತಿ ನೋಡಿ. ಇಂಗ್ಲೆಂಡಿನ ಜಾಗ್ವಾರ್ 1994ರಲ್ಲಿ ಎಕ್ಸ್‌ಜೆಆರ್ ಕಾರನ್ನು ಹೊರತಂದಿತು. ಆರು ಸಿಲಿಂಡರು ಸಾಲಾಗಿ ನಿಂತ 4.0 ಲೀಟರಿನ ಎಜೆ16 ಎಂಜಿನ್ನು, ಅದರಲ್ಲೂ ಕಂಪ್ರೆಶನ್ 8.5:1, ಅದರ ಪಕ್ಕದಲ್ಲಿ ಎಂ90. ಸಾದಾ ಎಜೆ16 ಸುಮಾರು 245 ಅಶ್ವಶಕ್ತಿಯದು, ಸೂಪರ್‌ಚಾರ್ಜರ್ ಸೇರಿದ ಮೇಲೆ 320 ದಾಟಿತು. ಜನರಲ್ ಮೋಟರ್ಸಿಗೆ ಸಿಕ್ಕ ಹೆಚ್ಚಳ 35, ಜಾಗ್ವಾರಿಗೆ ಸಿಕ್ಕದ್ದು ಅದರ ಎರಡು ಪಟ್ಟಿಗೂ ಮಿಗಿಲು. ಜಾಗ್ವಾರಿನ ಎಂಜಿನ್ನು ಬೇರೆಯೇ, ಹೆಡ್ಡಿನಲ್ಲಿ 24 ವಾಲ್ವು, ಕ್ಯಾಮ್ ಶಾಫ್ಟು ಎರಡು, ತಿರುಗುವ ವೇಗವೂ ಬೇರೆ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಲಾಗದು. ಆದರೆ ಜಾಗ್ವಾರ್ ತನ್ನ ಸೂಪರ್‌ಚಾರ್ಜರಿಗೂ ಎಂಜಿನ್ನಿಗೂ ನಡುವೆ ಒಂದು ಇಂಟರ್‌ಕೂಲರ್ ಇಟ್ಟಿತ್ತು, ನೀರು ಹರಿಸಿ ಗಾಳಿ ತಣಿಸುವಂಥದ್ದು. ಎಲ್67ರಲ್ಲಿ ಅದು ಇರಲೇ ಇಲ್ಲ. ಆ ಕಾಲದ ಬ್ಯೂಕ್ ಕೊಳ್ಳುವವರಿಗೆ 240 ಸಾಕಿತ್ತು, ಕಾರಿನ ಬೆಲೆಯೂ ಕೈಗೆಟುಕುವಂತಿರಬೇಕಿತ್ತು.

ಇಂಟರ್‌ಕೂಲರ್ ಹಾಕಿಸಿದ ಮೊದಲ ದಿನ ಹಲವರು ಗಾಬರಿಯಾಗುವುದುಂಟು: ದುಡ್ಡು ಸುರಿದೆ, ಗೇಜು ಮಾತ್ರ 8ರಿಂದ 6ರ ಆಸುಪಾಸಿಗೆ ಇಳಿಯಿತು! ಗಾಬರಿ ಬೇಡ. ಎಂ90ಯಂಥ ಯಂತ್ರ ಸುತ್ತಿಗೆ ಇಷ್ಟು ಎಂದು ಗಾಳಿಯನ್ನು ಅಳೆದು ತಳ್ಳುತ್ತದೆ. ಆ ಗಾಳಿ ತಣ್ಣಗಾದರೆ ಕುಗ್ಗುತ್ತದೆ, ಕಡಿಮೆ ಒತ್ತಡದಲ್ಲೇ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯ ತೂಕ ಅಷ್ಟೇ ಇದೆ, ಹಿಂದಕ್ಕೆ ನುಸುಳುವುದು ಕಡಿಮೆಯಾದ್ದರಿಂದ ಕೊಂಚ ಹೆಚ್ಚೂ ಇರಬಹುದು. ಕುಟ್ಟುವ ಭಯ ಕಡಿಮೆಯಾದ್ದರಿಂದ ಕಂಪ್ಯೂಟರ್ ಕಿಡಿಯ ಟೈಮಿಂಗನ್ನು ಮುಂದಕ್ಕೆ ತರಬಲ್ಲದು, ಬಲ ಬರುವುದು ಅಲ್ಲಿಂದ. ದುಡ್ಡು ಒಂದಕ್ಕೇ ಇದ್ದರೆ ಪುಲ್ಲಿಗಿಂತ ಮೊದಲು ಇಂಟರ್‌ಕೂಲರಿಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೇ. ಈ ಮಾತಿಗೆ ಒಪ್ಪದವರು ಬಹಳ ಮಂದಿ ಇದ್ದಾರೆ. ಪುಲ್ಲಿಯ ಬೆಲೆ ಎಷ್ಟು ಕಡಿಮೆ ನೋಡಿ ಎನ್ನುತ್ತಾರೆ. ಒಡೆದ ಪಿಸ್ಟನ್ನಿನ ಬೆಲೆಯನ್ನೂ ಅದೇ ಚೀಟಿಯಲ್ಲಿ ಬರೆದು ಕೂಡಿಸಿದರೆ ಆ ವಾದ ನಿಲ್ಲುವುದಿಲ್ಲ.

ಎಂಜಿನ್ನಿನ ಆಕಾರ ಹೇಳಿದಂತೆ

ಯಾವ ಜಾತಿಯ ಸೂಪರ್‌ಚಾರ್ಜರ್ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಂಜಿನ್ನಿನ ಆಕಾರ. ವಿ6ರಲ್ಲಿ ಮೂರು ಮೂರು ಸಿಲಿಂಡರುಗಳ ಎರಡು ಸಾಲುಗಳ ನಡುವೆ ಒಂದು ಕಣಿವೆ ಇದೆ. ಈಟನ್ ತಯಾರಿಸುವ ರೂಟ್ಸ್ ಜಾತಿಯ ಯಂತ್ರ ಅಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಹೊರಬಿದ್ದ ಗಾಳಿ ಎರಡೂ ಕಡೆಗೆ ಕೆಲವೇ ಇಂಚು ಹೋದರೆ ಸಾಕು. ಹಾಗಾಗಿ ಆಕ್ಸಿಲರೇಟರ್ ತುಳಿದ ಕ್ಷಣವೇ ಪಿಕಪ್. ರೂಟ್ಸ್ ಎಂಬುದು ಅಣ್ಣತಮ್ಮಂದಿರ ಹೆಸರು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಹೆಸರು ಮಾಡಿದ್ದು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದುವ ಕೆಲಸದಲ್ಲಿ. ಕಾರು ಆಗ ಹುಟ್ಟಿಯೇ ಇರಲಿಲ್ಲ. ಮರ್ಸಿಡಿಸ್ ಕಂಪನಿ 1921ರ ಬರ್ಲಿನ್ ಪ್ರದರ್ಶನದಲ್ಲಿ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಜನರ ಮುಂದಿಟ್ಟಿತು. 1928ರಲ್ಲಿ ಬಂದ ಅದರ ಎಸ್‌ಎಸ್‌ಕೆ, ಫರ್ಡಿನಾಂಡ್ ಪೋರ್ಶೆ ರೂಪಿಸಿದ, 7 ಲೀಟರಿಗೂ ಮೀರಿದ ಆರು ಸಿಲಿಂಡರಿನ ಕಾರು. ಆಕ್ಸಿಲರೇಟರನ್ನು ಕೊನೆಯವರೆಗೆ ತುಳಿದಾಗ ಮಾತ್ರ ಅದರ ಸೂಪರ್‌ಚಾರ್ಜರ್ ಕ್ಲಚ್ಚಿನ ಮೂಲಕ ಕೆಲಸಕ್ಕೆ ಬರುತ್ತಿತ್ತು. ಆಗಿನ ಎಂಜಿನಿಯರುಗಳಿಗೂ ಎಂಜಿನ್ನು ಹಾಳಾಗುವ ಭಯವಿತ್ತು ಎಂದು ಇದರಲ್ಲೇ ತಿಳಿಯುತ್ತದೆ.

ಸಾಲು ಆರರ ಕಥೆ ಬೇರೆ. ಬಿಎಂಡಬ್ಲ್ಯುವಿನ ಎಂ54 ಎಂಜಿನ್ನನ್ನು ತೆಗೆದುಕೊಳ್ಳಿ. ಉದ್ದಕ್ಕೆ ಮಲಗಿದ ಎಂಜಿನ್ನು, ನಡುವೆ ಕಣಿವೆ ಇಲ್ಲ, ಒಂದು ಪಕ್ಕ ಗಾಳಿಯ ಮ್ಯಾನಿಫೋಲ್ಡ್, ಇನ್ನೊಂದು ಪಕ್ಕ ಸುಡುವ ಎಕ್ಸಾಸ್ಟ್. ಅದರ ಮೂತಿಯ ಬಳಿ ಬ್ರಾಕೆಟ್ ಕಟ್ಟಿ ಸೆಂಟ್ರಿಫ್ಯೂಗಲ್ ಜಾತಿಯದನ್ನು ನೇತುಹಾಕುವುದು ರೂಢಿ. ನೋಡಲು ಟರ್ಬೊದ ಅರ್ಧ ಭಾಗದಂತಿರುವ ಇದರ ಚಕ್ರ ನಿಮಿಷಕ್ಕೆ 40,000 ಸುತ್ತು ದಾಟಿ ತಿರುಗುತ್ತದೆ. ದಕ್ಷತೆ ಹೆಚ್ಚು, ಗಾಳಿ ಕಡಿಮೆ ಬಿಸಿಯಾಗುತ್ತದೆ. ಗಾಳಿ ಹೇಗಿದ್ದರೂ ಕೊಳವೆಯಲ್ಲಿ ಮುಂದಿನಿಂದ ಸುತ್ತಿ ಬರಬೇಕಾದ್ದರಿಂದ ದಾರಿಯಲ್ಲೊಂದು ಇಂಟರ್‌ಕೂಲರ್ ಇಡುವುದೂ ಸಲೀಸು. ಕೊರತೆ ಎಂದರೆ ಇದರ ಬೂಸ್ಟ್ ವೇಗದ ವರ್ಗದಂತೆ ಏರುತ್ತದೆ. ಅರ್ಧ ಆರ್‌ಪಿಎಮ್ಮಿನಲ್ಲಿ ಸಿಗುವುದು ಕಾಲು ಭಾಗ ಬೂಸ್ಟ್ ಮಾತ್ರ. ಊರೊಳಗಿನ ಓಡಾಟದಲ್ಲಿ ಅದು ಇದೆಯೆಂದೇ ಗೊತ್ತಾಗದು. ಆದರೆ 10.2:1 ಕಂಪ್ರೆಶನ್ನಿನ ಎಂ54ರಂಥ ಎಂಜಿನ್ನಿಗೆ ಈ ಕೊರತೆಯೇ ರಕ್ಷಣೆ. ಕುಟ್ಟುವ ಅಪಾಯ ಹೆಚ್ಚಿರುವುದು ಕಡಿಮೆ ವೇಗದಲ್ಲಿ ಭಾರ ಎಳೆಯುವಾಗ. ಆಗ ಇದು ಸುಮ್ಮನಿರುತ್ತದೆ.

ಮೂರನೆಯದು ಎರಡು ತಿರುಪುಗಳಂಥ ರೋಟರುಗಳಿರುವ ಲಿಶೋಮ್ ಜಾತಿ. ಗಾಳಿಯನ್ನು ತನ್ನೊಳಗೇ ಅಡಕಿ ಹೊರಬಿಡುವುದರಿಂದ ಹೆಚ್ಚಿನ ಒತ್ತಡದಲ್ಲಿ ಹಳೆಯ ರೂಟ್ಸಿಗಿಂತ ತಂಪು. 2001ರ ಮರ್ಸಿಡಿಸ್ ಸಿ32 ಎಎಂಜಿಯ 3.2 ಲೀಟರ್ ವಿ6ಕ್ಕೆ ಇದನ್ನೇ ಇಂಟರ್‌ಕೂಲರಿನ ಜೊತೆಗೆ ಕೂರಿಸಿದ್ದರು. ಒಳ್ಳೆಯ ವಸ್ತು, ಬೆಲೆಯೂ ಹಾಗೇ.

ಇವುಗಳಲ್ಲಿ ನನ್ನ ಆಯ್ಕೆ ಯಾವುದು ಎಂದರೆ, ದಿನಾ ಓಡಿಸುವ ವಿ6ಕ್ಕೆ ಕಾರ್ಖಾನೆಯೇ ಕೂರಿಸಿದ ರೂಟ್ಸ್. ಬ್ರಾಕೆಟ್ಟು, ಗ್ಯಾಸ್ಕೆಟ್ಟು, ಬೆಲ್ಟಿನ ಸಾಲು, ಬೈಪಾಸ್ ವಾಲ್ವು ಎಲ್ಲವನ್ನೂ ಒಬ್ಬರು ಲಕ್ಷಾಂತರ ಕಾರುಗಳಿಗಾಗಿ ಯೋಚಿಸಿ ಮಾಡಿಟ್ಟಿದ್ದಾರೆ. ಅವರ ದುಡಿಮೆಯನ್ನು ಗುಜರಿಯಿಂದ ಹೊತ್ತು ತರುವುದರಲ್ಲಿ ಜಾಣತನವಿದೆ.

ಬಿಚ್ಚಿ ಕೂರಿಸುವಾಗ

ಎಲ್36 ಇರುವ ಕಾರಿಗೆ ಎಲ್67ರ ಮೇಲ್ಭಾಗ ಕೂರಿಸುವ ಕೆಲಸ ಅಮೆರಿಕದ ಹವ್ಯಾಸಿಗಳಲ್ಲಿ ಬಲು ಪರಿಚಿತ. ಸೂಪರ್‌ಚಾರ್ಜರ್ ಒಂದನ್ನೇ ತಂದರೆ ಆಗದು. ಅದರ ಕೆಳಗಿನ ಅಲ್ಯೂಮಿನಿಯಂ ಮ್ಯಾನಿಫೋಲ್ಡು, ಅದಕ್ಕೆ ಹೊಂದುವ ಹೆಡ್ಡುಗಳು, ಇಂಜೆಕ್ಟರ್ ಮತ್ತು ಅವು ಕೂರುವ ರೈಲು, ಥ್ರಾಟಲ್ ಬಾಡಿ, ಟೆನ್ಶನರ್, ಪುಲ್ಲಿಗಳು, ಬೈಪಾಸಿನ ವ್ಯಾಕ್ಯೂಮ್ ಪೈಪುಗಳು, ಇವೆಲ್ಲ ಒಂದೇ ಕಾರಿನಿಂದ ಬರುವುದು ಮೇಲು. ಪಿಸ್ಟನ್ನುಗಳು ಮಾತ್ರ ಎಲ್36ರವೇ ಉಳಿಯುತ್ತವೆ. ಹಾಗಾಗಿ ಕಂಪ್ರೆಶನ್ 9.4:1ರಲ್ಲೇ ನಿಲ್ಲುತ್ತದೆ. ಎಚ್ಚರಿಕೆ ಬೇಕಾದ್ದು ಇಲ್ಲಿ. ಮೆಕ್ಯಾನಿಕ್ಕುಗಳ ಒಂದು ಒರಟು ಲೆಕ್ಕವಿದೆ: ಕಂಪ್ರೆಶನ್ನನ್ನು ಒತ್ತಡದ ಪಾಲಿನಿಂದ ಗುಣಿಸಿ. 8 ಪಿಎಸ್‌ಐ ಎಂದರೆ ಹೊರಗಿನ ಗಾಳಿಯ ಒಂದೂವರೆ ಪಟ್ಟಿಗೆ ಚೂರು ಹೆಚ್ಚು, 1.55 ಎನ್ನಿ. ಎಲ್67ಕ್ಕೆ 8.5 ಗುಣಿಸು 1.55, ಸುಮಾರು 13.2. ಅದೇ ಬೂಸ್ಟನ್ನು 9.4ರ ಪಿಸ್ಟನ್ನಿನ ಮೇಲೆ ಹೇರಿದರೆ 14.6. ಕಾರ್ಖಾನೆ ಒಪ್ಪಿದ 13.2ರಲ್ಲೇ ನಿಲ್ಲಬೇಕೆಂದರೆ ಬೂಸ್ಟ್ 6 ಪಿಎಸ್‌ಐ ಮೀರಬಾರದು. ಅಂದರೆ ಬೇಕಾದದ್ದು 3.8ಕ್ಕಿಂತ ದೊಡ್ಡ ಪುಲ್ಲಿ! ಬೂಸ್ಟ್ ಹೆಚ್ಚಿಸಲು ಹೊರಟವರಿಗೆ ಪುಲ್ಲಿ ದೊಡ್ಡದು ಮಾಡಿ ಎಂದರೆ ಹಿಡಿಸುವುದಿಲ್ಲ. ಆದರೂ ಮೊದಲ ತಿಂಗಳುಗಳಿಗೆ ಸರಿಯಾದ ದಾರಿ ಅದೇ.

ಗುಜರಿಯಿಂದ ತಂದ ಸೂಪರ್‌ಚಾರ್ಜರನ್ನು ನೇರ ಕೂರಿಸಬಾರದು, ಮೊದಲು ಮೇಜಿನ ಮೇಲೆ ಬಿಚ್ಚಬೇಕು. ಪುಲ್ಲಿಯ ಹಿಂದಿರುವ ಮೂತಿಯಂಥ ಭಾಗವನ್ನು ಬೋಲ್ಟು ತೆಗೆದು ಎಳೆದರೆ, ಒಳಗಿನ ಎಣ್ಣೆ ಸುರಿಯುತ್ತದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯದಂಥ ಕೊಳೆತ ವಾಸನೆ ಅದರದು. ಅದು ಎಂಜಿನ್ ಆಯಿಲ್ ಅಲ್ಲ, ಸೂಪರ್‌ಚಾರ್ಜರಿನ ಗೇರುಗಳಿಗೇ ಮೀಸಲಾದ ಸಿಂಥೆಟಿಕ್ ಎಣ್ಣೆ. ಒಳಗೆ ರೋಟರಿನ ಗೇರಿನಿಂದ ಮೂರು ಪಿನ್ನು, ಮೂತಿಯ ಶಾಫ್ಟಿನಿಂದ ಮೂರು ಪಿನ್ನು ಚಾಚಿಕೊಂಡಿರುತ್ತವೆ. ಎರಡನ್ನೂ ಕೂಡಿಸುವುದು ಆರು ತೂತಿನ ಒಂದು ಪುಟ್ಟ ಕಪ್ಲರ್, ಅಂಗೈಯಲ್ಲಿ ಅಡಗುವಷ್ಟು. ಇಡೀ ಬೂಸ್ಟಿನ ಭಾರ ಹೊರುವುದು ಅದು. ಲೆಕ್ಕಕ್ಕೆ ಹೇಳುವುದಾದರೆ, ಪೂರ್ತಿ ವೇಗದಲ್ಲಿ ಗಾಳಿಯನ್ನು ಒತ್ತುವುದಕ್ಕೇ 20 ಅಶ್ವಶಕ್ತಿ ಬೇಕು. ಅಷ್ಟೂ ಆ ಬೆಲ್ಟಿನಿಂದ ಬಂದು ಈ ತುಂಡಿನ ಮೂಲಕವೇ ದಾಟಬೇಕು. ಹಳೆಯ ಕಪ್ಲರಿನಲ್ಲಿ ಪಿನ್ನಿನ ತೂತುಗಳು ಸವೆದು ಅಂಡಾಕಾರವಾಗಿರುತ್ತವೆ. ಆಗ ಎಂಜಿನ್ನು ನಿಂತಲ್ಲೇ ತಿರುಗುವಾಗ ಡಬ್ಬದಲ್ಲಿ ಗುಂಡು ಅಲ್ಲಾಡಿಸಿದಂಥ ಗಡಗಡ ಕೇಳುತ್ತದೆ. ಇದನ್ನು ಕೇಳಿ ಬೇರಿಂಗ್ ಹೋಯಿತೆಂದು ಇಡೀ ಯಂತ್ರ ಎಸೆದವರಿದ್ದಾರೆ. ಪರೀಕ್ಷೆ ಸುಲಭ: ಎಲ್67ರಲ್ಲಿ ಸೂಪರ್‌ಚಾರ್ಜರಿನ ಬೆಲ್ಟು ಬೇರೆಯೇ ಇದೆ, ಹೊರಗಡೆಯೇ ಇದೆ. ಅದನ್ನು ಕಳಚಿ ಒಂದು ಕ್ಷಣ ಸ್ಟಾರ್ಟ್ ಮಾಡಿ. ಸದ್ದು ನಿಂತರೆ ಮೊದಲು ಕಪ್ಲರನ್ನೇ ನೋಡಿ. ಹೊಸದಕ್ಕೆ ದೊಡ್ಡ ಬೆಲೆಯೇನಿಲ್ಲ. ಎಣ್ಣೆ ತುಂಬುವಾಗ ಯಂತ್ರ ತಣ್ಣಗಿರಬೇಕು, ಮಟ್ಟವಾಗಿರಬೇಕು. ತೂತಿನ ಮರೆಗಳ ಕೆಳಗಿನವರೆಗೆ ಬಂದರೆ ಸಾಕು, ಹೆಚ್ಚು ತುಂಬಿದರೆ ಸೀಲು ದಾಟಿ ಬರುತ್ತದೆ.

ಹೆಡ್ಡು ಬಿಚ್ಚಿದ ಮೇಲೆ ಹಳೆಯ ಬೋಲ್ಟುಗಳನ್ನು ಮತ್ತೆ ಬಳಸಕೂಡದು. 3800ರ ಹೆಡ್ ಬೋಲ್ಟುಗಳು ಬಿಗಿಯುವಾಗ ಎಳೆದು ಹಿಗ್ಗುವಂಥವು, ಒಮ್ಮೆ ಹಿಗ್ಗಿದ ಮೇಲೆ ಮೊದಲಿನ ಹಿಡಿತ ಕೊಡಲಾರವು. ಹೊಸ ಬೋಲ್ಟು, ಟಾರ್ಕ್ ರೆಂಚು, ಕೊನೆಯಲ್ಲಿ ಕೈಪಿಡಿ ಹೇಳಿದಷ್ಟು ಡಿಗ್ರಿ ತಿರುವು. ಗ್ಯಾಸ್ಕೆಟ್ಟಿನ ಅಂಟನ್ನು ಕೆರೆಯುವಾಗ ಪೋರ್ಟುಗಳಿಗೆಲ್ಲ ಬಟ್ಟೆ ತುರುಕಬೇಕು. ಅವಸರದಲ್ಲಿ ಡ್ರಿಲ್ಲಿಗೆ ಉಜ್ಜುವ ಚಕ್ರ ಸಿಕ್ಕಿಸಿ ಮೇಲ್ಮೈ ತಿಕ್ಕುವವರು ಆ ಚಕ್ರದಿಂದ ಉದುರುವ ಪುಡಿ ಎಲ್ಲಿಗೆ ಹೋಗುತ್ತದೆಂದು ಯೋಚಿಸಬೇಕು. ಅದು ಆಯಿಲಿಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ಕರಗಿಸುವ ದ್ರಾವಣ, ತಾಳ್ಮೆ, ಇವು ಸಾಕು. ಇಷ್ಟೆಲ್ಲ ಬಿಚ್ಚಿರುವಾಗ, ಟೆನ್ಶನರ್ ಬ್ರಾಕೆಟ್ಟಿನಿಂದ ಮ್ಯಾನಿಫೋಲ್ಡಿಗೆ ಕೂಲೆಂಟ್ ಸಾಗಿಸುವ ಎರಡು ಮೊಳಕೈ ಪೈಪುಗಳನ್ನು ತಪ್ಪದೆ ಬದಲಿಸಿ. ಪ್ಲಾಸ್ಟಿಕ್ಕಿನ ಅವು ವರ್ಷಗಳ ಬಿಸಿಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತವೆ. ಅಲ್ಯೂಮಿನಿಯಂನವು ಸಿಗುತ್ತವೆ.

ಬೈಪಾಸ್ ವಾಲ್ವಿನ ವ್ಯಾಕ್ಯೂಮ್ ಪೈಪು ಮರೆತರೆ ಏನಾಗುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ನಿಧಾನವಾಗಿ ಓಡಿಸುವಾಗ ಎಂಜಿನ್ನಿನ ವ್ಯಾಕ್ಯೂಮ್ ಈ ವಾಲ್ವನ್ನು ತೆರೆದಿಡುತ್ತದೆ. ರೋಟರುಗಳು ತಿರುಗುತ್ತಿದ್ದರೂ ಗಾಳಿ ಸುತ್ತಿ ಮತ್ತೆ ಬಾಯಿಗೇ ಬರುತ್ತದೆ, ಒತ್ತಡ ಏರದು, ಬಿಸಿಯೂ ಪೆಟ್ರೋಲ್ ಖರ್ಚೂ ಅತ್ಯಲ್ಪ. ಪೈಪು ಸಿಕ್ಕಿಸದಿದ್ದರೆ ಸ್ಪ್ರಿಂಗು ಅದನ್ನು ಮುಚ್ಚಿಯೇ ಇಡುತ್ತದೆ. ಹಾಲು ತರಲು ಹೋದರೂ ಸೂಪರ್‌ಚಾರ್ಜರ್ ದುಡಿಯುತ್ತಲೇ ಇರುತ್ತದೆ.

ಪ್ಲಗ್ಗುಗಳು ಒಂದು ಮೆಟ್ಟಿಲು ತಂಪಿನವು, ಗ್ಯಾಪು ಕೊಂಚ ಕಿರಿದು, ಏಕೆಂದರೆ ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಕಂಪ್ಯೂಟರಿಗೆ ಎಲ್67ರ ಲೆಕ್ಕ ಬರೆಸಲೇಬೇಕು. ದೊಡ್ಡ ಇಂಜೆಕ್ಟರ್ ಕೂತಿದೆ ಎಂದು ಅದಕ್ಕೆ ಗೊತ್ತಿಲ್ಲದಿದ್ದರೆ ಕಾರು ನಿಂತಲ್ಲೇ ಹೊಗೆ ಕಾರುತ್ತದೆ. ಗೇರ್‌ಬಾಕ್ಸು ಎಚ್‌ಡಿ ಅಲ್ಲದಿದ್ದರೆ, ಸಿಗ್ನಲ್ಲಿನಿಂದ ಹಾರಿಸುವ ಆಸೆ ಬಿಡಬೇಕು.

ಕಾನೂನಿನ ಮಾತೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ವಾಯುಮಂಡಳಿಯ ಅನುಮತಿ ಸಂಖ್ಯೆ ಇಲ್ಲದ ಕಿಟ್ ಕೂರಿಸಿದರೆ ಹೊಗೆ ತಪಾಸಣೆ ದಾಟದು. ಮಿಷಿಗನ್ನಿನಲ್ಲಿ ಕಾರುಗಳಿಗೆ ಅಂಥ ಕಡ್ಡಾಯ ತಪಾಸಣೆ ಇಲ್ಲ. ಹಾಗೆಂದು ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಲು ಅಮೆರಿಕದ ಕೇಂದ್ರ ಕಾಯ್ದೆ ಬಿಡುವುದಿಲ್ಲ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಸೂಪರ್‌ಚಾರ್ಜರ್ ಇರುವ ಆರು ಸಿಲಿಂಡರಿನ ಕಾರು ಬೇಕೆಂದರೆ, ಕಾರ್ಖಾನೆಯಿಂದಲೇ ಹಾಗೆ ಬಂದದ್ದನ್ನು ಹುಡುಕಬೇಕು. ಟರ್ಬೊ ಬರುವ ಮೊದಲಿನ ಆಡಿ 3.0 ಟಿಎಫ್‌ಎಸ್‌ಐ, ಜಾಗ್ವಾರಿನ ಸೂಪರ್‌ಚಾರ್ಜರ್ ಇದ್ದ 3.0 ವಿ6 ಅಂಥವು. ಎರಡರಲ್ಲೂ ಈಟನ್ನಿನ ಹೊಸ ಪೀಳಿಗೆಯ ರೋಟರುಗಳಿವೆ, ಎರಡರಲ್ಲೂ ಇಂಟರ್‌ಕೂಲರ್ ಇದೆ.

ತಿರುಗಿ ನೋಡಬೇಕಾದ ಅಂಕಿ

ಎಲ್ಲ ಕೂರಿಸಿದ ಮೇಲೆ ಕಣ್ಣಿಡಬೇಕಾದ್ದು ಬೂಸ್ಟ್ ಗೇಜಿನ ಮೇಲಲ್ಲ. 1996ರಿಂದ ಅಮೆರಿಕದ ಪ್ರತಿ ಕಾರಿಗೂ ಕಡ್ಡಾಯವಾದ ಒಬಿಡಿ-2 ಕಿಂಡಿಗೆ ಒಂದು ಸ್ಕ್ಯಾನರ್ ಸಿಕ್ಕಿಸಿ, ಜನರಲ್ ಮೋಟರ್ಸಿನ ಕಂಪ್ಯೂಟರ್ ತೋರಿಸುವ ನಾಕ್ ರಿಟಾರ್ಡ್ ಎಂಬ ಅಂಕಿ ನೋಡಬೇಕು. ಬ್ಲಾಕಿಗೆ ಅಂಟಿದ ಸೆನ್ಸರು ಎಂಜಿನ್ನು ಕುಟ್ಟುವುದನ್ನು ಕೇಳಿಸಿಕೊಂಡು, ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆಯಿತು ಎಂಬ ಲೆಕ್ಕ ಅದು. ಸೊನ್ನೆ ಇದ್ದರೆ ನೆಮ್ಮದಿ. ಗೇರ್ ಬದಲಾಗುವಾಗ ಒಂದೆರಡು ಡಿಗ್ರಿ ಮಿಂಚಿ ಮರೆಯಾದರೆ ಚಿಂತೆಯಿಲ್ಲ. ನಾಲ್ಕು ದಾಟಿ ಅಲ್ಲೇ ನಿಂತರೆ ತಕ್ಷಣ ಕಾಲು ತೆಗೆಯಬೇಕು. ಜೊತೆಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಓದುವ ಒಂದು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಕಾರಿನದೇ ಆಕ್ಸಿಜನ್ ಸೆನ್ಸರಿಗೆ 14.7:1ರ ಈಚೆ ಆಚೆ ಮಾತ್ರ ಗೊತ್ತು. ಪೂರ್ತಿ ಬೂಸ್ಟಿನಲ್ಲಿ ಮಿಶ್ರಣ 11.5ರಿಂದ 12ರೊಳಗೆ ಇರಬೇಕು, ಅದನ್ನು ಓದುವ ಶಕ್ತಿ ಅದಕ್ಕಿಲ್ಲ.

ಪರೀಕ್ಷೆಯನ್ನು ಚಳಿಗಾಲದ ಬೆಳಿಗ್ಗೆ ಮಾಡಿ ಪಾಸಾಯಿತು ಎನ್ನುವವರ ಮಾತು ನಂಬಬೇಡಿ. ಮಿಷಿಗನ್ನಿನ ಜನವರಿಯಲ್ಲಿ ಯಾವ ಎಂಜಿನ್ನೂ ಕುಟ್ಟುವುದಿಲ್ಲ. ಜುಲೈಯ ಮಧ್ಯಾಹ್ನ, ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು ಮ್ಯಾನಿಫೋಲ್ಡ್ ಕಾದ ಮೇಲೆ, ಖಾಲಿ ಟ್ರ್ಯಾಕಿನಲ್ಲಿ ಒಮ್ಮೆ ಪೂರ್ತಿ ತುಳಿದು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಅಂಕಿ ಏರಿದರೆ ಮೊದಲು ಪೆಟ್ರೋಲ್ ನೋಡಿ, ಪ್ಲಗ್ ನೋಡಿ, ಮಿಶ್ರಣ ನೋಡಿ, 195 ಡಿಗ್ರಿ ಫ್ಯಾರನ್‌ಹೀಟಿನ ಥರ್ಮೋಸ್ಟಾಟ್ ಜಾಗಕ್ಕೆ 180ರದನ್ನು ಹಾಕಿ. ಅಷ್ಟಾದರೂ ಇಳಿಯದಿದ್ದರೆ ಟೈಮಿಂಗನ್ನು ಹಿಂದಕ್ಕೆಳೆದು ಮುಚ್ಚಿಹಾಕುವ ಬದಲು ಪುಲ್ಲಿಯನ್ನು ಒಂದು ಅಳತೆ ದೊಡ್ಡದು ಮಾಡಿ, ಅದೇ ಬಿಸಿಲಿನಲ್ಲಿ ಮತ್ತೆ ಓಡಿಸಿ ನೋಡಿ.